ಖಾಲಿ ಗಾಳಿ ಹುಡುಕುವ ಹುಲುಗಪ್ಪ

ಬೆಳಗಿನ ಐದೂಮುಕ್ಕಾಲು. ಸಂಡೂರಿನಾಚೆ ಜಾಲಿಮಡು ಎಂಬ ಎಪ್ಪತ್ತು ಮನೆಗಳ ಊರಿನ ಶಾಲಾ ಮೈದಾನದಲ್ಲಿ ಶಾಮಿಯಾನ ಎದ್ದು ನಿಂತಿದೆ. ಕುರ್ಚಿಗಳಿನ್ನೂ ಒಂದರ ಮೇಲೊಂದು ಪೇರಿಸಿದಂತೆಯೇ ಇವೆ. ವೇದಿಕೆಯ ಪಕ್ಕದ ಮರದ ಬೆಂಚಿನ ಮೇಲೆ ನಾಲ್ಕು ಕಪ್ಪು ಡಬ್ಬಿಗಳು, ಪ್ರತಿ ಡಬ್ಬಿಗೂ ಎರಡೆರಡು ಮೋಟು ಏರಿಯಲ್. ಬೆಂಚಿನೆದುರು ಮೊಣಕಾಲೂರಿ ಕೂತ ಒಬ್ಬರ ಕಿವಿಯಲ್ಲಿ ಇಯರ್‌ಫೋನ್, ಕೈಯಲ್ಲಿ ಪೆನ್ಸಿಲ್. ಮೈಕುಗಳೆಲ್ಲ ಬಂದ್ ಆಗಿ ಚೀಲದಲ್ಲಿ ಮಲಗಿವೆ. ಯಾರೂ ಮಾತಾಡುತ್ತಿಲ್ಲ, ಆದರೂ ಅವರು ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದಾರೆ.

ಶಾಲೆಯ ಬಿಸಿಯೂಟದ ಅಡುಗೆಯವರು ಚಹಾ ತಂದಿಟ್ಟು, ಹಲೋ ಹಲೋ ಅನ್ನದೆ ಇದೆಂಥ ಮೈಕ್ ಪರೀಕ್ಷೆ ಎಂದು ನಗುತ್ತಾರೆ. ಬೆಂಚಿನೆದುರು ಕೂತವರು ಒಂದು ಕಿವಿಯ ಇಯರ್‌ಫೋನ್ ತೆಗೆಯುತ್ತಾರೆ. "ಹಲೋ ಅನ್ನೋದು ಆಮ್ಯಾಲರಿ. ಗಾಳ್ಯಾಗ ಈಗಾಗ್ಲೇ ಯಾರ್ಯಾರು ಕುಂತಾರ ಅಂತ ಮೊದ್ಲು ನೋಡ್ಬೇಕು" ಎಂದು ಮತ್ತೆ ಸಿಕ್ಕಿಸಿಕೊಂಡು, ಡಬ್ಬಿಯ ಗುಂಡಿಯನ್ನು ಒಂದು ಹೆಜ್ಜೆ ಮುಂದಕ್ಕೆ ಒತ್ತುತ್ತಾರೆ.

ಇವರು ಹುಲುಗಪ್ಪ, ವಯಸ್ಸು ನಲವತ್ತೆರಡು. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ; ಕೆಲಸ ಅದೇ ಊರಿನ ವಾದಿರಾಜ ಆಚಾರ್ಯರ ಸೌಂಡ್ ಸಿಸ್ಟಮ್ ಅಂಗಡಿಯಲ್ಲಿ. ಅಂಗಡಿಯಲ್ಲಿ ಸ್ಪೀಕರ್ ಹೊರುವವರು, ವೈರ್ ಎಳೆಯುವವರು, ಜನರೇಟರ್ ನೋಡಿಕೊಳ್ಳುವವರು ಬೇರೆ ಇದ್ದಾರೆ. ಹುಲುಗಪ್ಪನವರ ಪಾಲಿಗೆ ಬಂದಿರುವುದು ಕಣ್ಣಿಗೆ ಕಾಣದ ಕೆಲಸ. ವೈರ್ ಇಲ್ಲದ ಕಾರ್ಡ್‌ಲೆಸ್ ಮೈಕುಗಳಿಗೆ ತಂಟೆತಕರಾರಿಲ್ಲದ ತರಂಗಾಂತರ ಹುಡುಕಿ ಕೊಡುವುದು.

ಇವತ್ತಿನ ಕೆಲಸ ಮದುವೆಯದಲ್ಲ, ಮೆರವಣಿಗೆಯದಲ್ಲ. ಹನ್ನೊಂದು ಗಂಟೆಗೆ ಇಲ್ಲಿ ಸಾರ್ವಜನಿಕ ವಿಚಾರಣೆ ಇದೆ. ಊರಿನ ಮೇಲಿನ ಗುಡ್ಡದಲ್ಲಿ ಗಣಿ ವಿಸ್ತರಿಸಲು ಹೊರಟಿರುವ ಕಂಪನಿಯ ಯೋಜನೆಯ ಬಗ್ಗೆ ಊರವರು ಏನು ಹೇಳುತ್ತಾರೆಂದು ಅಧಿಕಾರಿಗಳು ಕೇಳಿ ಬರೆದುಕೊಳ್ಳಬೇಕು. ಹೋದ ಡಿಸೆಂಬರಿನಲ್ಲಿ, 2007 ಇನ್ನೇನು ಮುಗಿಯುವಾಗ, ಇದೇ ಮೈದಾನದಲ್ಲಿ ಇದೇ ವಿಚಾರಣೆ ನಡೆದು ಗದ್ದಲದಲ್ಲಿ ಅರ್ಧಕ್ಕೇ ನಿಂತಿತ್ತು. ಗದ್ದಲಕ್ಕೆ ಕಾರಣವಾದದ್ದು ಕೆಟ್ಟ ಮೈಕು, ಆ ಮೈಕು ಹುಲುಗಪ್ಪನವರದು. ದುರ್ಗಕ್ಕ ಎಂಬ ಹಿರಿಯ ಹೆಂಗಸು ಅವತ್ತು ಹೇಳಲು ಎದ್ದು ನಿಂತ ಮಾತು ಯಾರ ಕಿವಿಗೂ ಬೀಳಲಿಲ್ಲ. ಅದು ಇವತ್ತು ಬೀಳಬೇಕು. ಹುಲುಗಪ್ಪ ಕೋಳಿ ಕೂಗುವ ಮೊದಲೇ ಹೊಸಪೇಟೆ ಬಿಟ್ಟು ಬಂದಿರುವುದು ಅದಕ್ಕೇ.

ಅವರ ಕೆಲಸ ಅರ್ಥವಾಗಬೇಕಾದರೆ ಒಂದು ಮಾತು ತಿಳಿದಿದ್ದರೆ ಸಾಕು. ಕಾರ್ಡ್‌ಲೆಸ್ ಮೈಕು ಹಿಡಿದವರ ದನಿ ಗಾಳಿಯಲ್ಲಿ ತರಂಗವಾಗಿ ಹೋಗಿ ಆ ಕಪ್ಪು ಡಬ್ಬಿಯನ್ನು ತಲುಪುತ್ತದೆ, ಡಬ್ಬಿಯಿಂದ ಸ್ಪೀಕರಿಗೆ. ಒಂದೊಂದು ಡಬ್ಬಿಯಲ್ಲಿ ಹದಿನಾರು ಚಾನೆಲ್, ಅಂದರೆ ಹದಿನಾರು ದಾರಿ. ಮೈಕು ಆರಿಸಿರುವಾಗ ಡಬ್ಬಿಯ ಹಸಿರು ದೀಪ ಹೊತ್ತಬಾರದು. ಹೊತ್ತಿತೆಂದರೆ ಆ ದಾರಿಯಲ್ಲಿ ಬೇರೆ ಯಾರೋ ಇದ್ದಾರೆ ಎಂದರ್ಥ. ಹದಿನಾರರಲ್ಲಿ ಖಾಲಿ ದಾರಿ ಯಾವುದು, ಅದು ಎಷ್ಟು ಹೊತ್ತು ಖಾಲಿ ಇರುತ್ತದೆ ಎಂದು ಹೇಳುವುದೇ ಹುಲುಗಪ್ಪನವರ ವಿದ್ಯೆ.

ಐದಾರು ವರ್ಷಗಳ ಹಿಂದೆ ಇದೊಂದು ವಿದ್ಯೆಯೇ ಆಗಿರಲಿಲ್ಲ. ಅದಿರಿಗೆ ಬೆಲೆ ಬಂದದ್ದೇ ಬಂದದ್ದು, ಈ ಭಾಗದ ರಸ್ತೆಗಳು ಲಾರಿಗಳಿಂದ ತುಂಬಿದಂತೆ ಗಾಳಿಯೂ ವೈರ್‌ಲೆಸ್ ಸೆಟ್‌ಗಳಿಂದ ತುಂಬಿಹೋಯಿತು. ಗಣಿಯ ಗೇಟಿನಲ್ಲೊಂದು ವಾಕಿಟಾಕಿ, ತೂಕದ ಕಟ್ಟೆಯಲ್ಲೊಂದು, ಕ್ರಷರಿನಲ್ಲೊಂದು, ಘಾಟಿಯ ತಿರುವಿನಲ್ಲೊಂದು. ಪರವಾನಗಿ ಇದ್ದವು ಕೆಲವು, ಇಲ್ಲದವು ಹಲವು. ಇನ್ನೊಂದು ಕಡೆ ಕಾರ್ಡ್‌ಲೆಸ್ ಮೈಕಿನ ಹುಚ್ಚು. ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ ಇಲ್ಲಿನ ಭಾಷಣಕಾರರಿಗೆ ನಿಂತಲ್ಲಿ ನಿಲ್ಲುವುದು ಅವಮಾನದಂತಾಗಿದೆ. ವೇದಿಕೆಯ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಲೇ ಮಾತಾಡಬೇಕು. ಮೈಕು ಅವರ ಜೊತೆ ಅಡ್ಡಾಡಬೇಕು.

ಎರಡೂ ಒಂದೇ ಗಾಳಿಯಲ್ಲಿ ಸೇರಿದರೆ ಆಗುವ ಫಜೀತಿಗೆ ಹುಲುಗಪ್ಪನವರ ಬಳಿ ಕಥೆಗಳಿಗೇನೂ ಬರವಿಲ್ಲ. ದರೋಜಿ ಹತ್ತಿರದ ಒಂದು ಮದುವೆಯಲ್ಲಿ ಯಾರೋ ಅಗ್ಗದ ಮೈಕು ತಂದಿದ್ದರಂತೆ; ಅದರ ತರಂಗಾಂತರ ಬದಲಿಸಲು ಬರುವಂತಿರಲಿಲ್ಲ. ಬೀಗರ ಪರಿಚಯ ನಡೆಯುವಾಗ, ಕಾಡಿನಲ್ಲಿ ಬಂಡೆಗೆ ಬೆಲ್ಲ ಸವರಿ ಕರಡಿ ಎಣಿಸುವ ಅರಣ್ಯದವರ ವೈರ್‌ಲೆಸ್ ಮಾತು ಸ್ಪೀಕರಿಗೆ ಬಂತು. ಎರಡು ದೊಡ್ಡವು, ಒಂದು ಮರಿ, ಮೂರೂ ಬೆಲ್ಲ ನೆಕ್ಕಿ ಬಂಡೆ ಹತ್ತಿದವು ಎಂದು ಗಂಭೀರವಾಗಿ ವರದಿ ಬರುತ್ತಿದ್ದ ಹೊತ್ತಿಗೆ ವೇದಿಕೆ ಹತ್ತುತ್ತಿದ್ದದ್ದು ಗಂಡಿನ ತಂದೆ, ತಾಯಿ ಮತ್ತು ತಮ್ಮ. "ಅವತ್ತಿಂದ ಆ ಬೀಗರು ಈ ಬೀಗರನ್ನ ಮಾತಾಡ್ಸಿಲ್ಲಂತರಿ" ಎಂದು ಹೇಳಿ ಹುಲುಗಪ್ಪ ಸದ್ದಿಲ್ಲದೆ ನಗುತ್ತಾರೆ. ಆ ಮೈಕು ತಮ್ಮ ಅಂಗಡಿಯದಲ್ಲ ಎಂಬುದನ್ನು ಎರಡು ಸಲ ಒತ್ತಿ ಹೇಳುತ್ತಾರೆ.

ಹುಟ್ಟಿದ್ದು ಕಂಪ್ಲಿಯಲ್ಲಿ. ಅಪ್ಪ ಬೇಗ ತೀರಿಕೊಂಡರು. ತಾಯಿ ಪರರ ಗದ್ದೆಗಳಲ್ಲಿ ಭತ್ತದ ನಾಟಿಗೆ ಹೋಗಿ ಮಗನನ್ನು ಹತ್ತನೆಯ ತರಗತಿವರೆಗೆ ಓದಿಸಿದರು. ರಜೆಯಲ್ಲಿ ಹುಲುಗಪ್ಪನೂ ಹಗ್ಗ ಹಿಡಿದು ಸಾಲು ನೋಡಿ ಸಸಿ ಊರಿದವರೇ. ಆಮೇಲೆ ಹೊಸಪೇಟೆಗೆ ಬಂದು ರೇಡಿಯೊ, ಟಿ.ವಿ. ರಿಪೇರಿ ಕಲಿತರು. ಹದಿನಾಲ್ಕು ವರ್ಷ ಅದರಲ್ಲೇ ಅನ್ನ ಹುಟ್ಟಿತು. ಹೊಸ ಟಿ.ವಿ. ಅಗ್ಗವಾದ ಮೇಲೆ ಹಳೆಯದನ್ನು ಬಿಚ್ಚಿಸಲು ಯಾರೂ ಬರಲಿಲ್ಲ. ಆಗ ಎಲ್ಲರಂತೆ ಅವರೂ ಗಣಿಗೆ ಹೋದರು.

ಅಲ್ಲಿ ಕೊಟ್ಟ ಕೆಲಸ ಘಾಟಿಯ ತಿರುವಿನಲ್ಲಿ ವಾಕಿಟಾಕಿ ಹಿಡಿದು ನಿಲ್ಲುವುದು. ದಾರಿ ಇಕ್ಕಟ್ಟು, ತುಂಬಿದ ಲಾರಿ ಇಳಿಯುವಾಗ ಖಾಲಿ ಲಾರಿ ಕೆಳಗೆ ಕಾಯಬೇಕು. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ದಿನಕ್ಕೆ ಹತ್ತು ತಾಸು ಸೆಟ್‌ನಲ್ಲಿ ಹೇಳುತ್ತ ಎರಡು ವರ್ಷ ಕಳೆದರು. ಎದೆಯಲ್ಲಿ ಕೆಮ್ಮು ಕೂತಾಗ ಬಿಟ್ಟುಬಂದರು. ಆದರೆ ಆ ಎರಡು ವರ್ಷ ದಂಡವಾಗಲಿಲ್ಲ. ಯಾವ ಗಣಿಯವರು ಎಲ್ಲಿ ಮಾತಾಡುತ್ತಾರೆ, ಪಾಳಿ ಬದಲಾಗುವುದು ಯಾವಾಗ, ಊಟದ ಹೊತ್ತಿಗೆ ಯಾವ ಸೆಟ್ ಸುಮ್ಮನಾಗುತ್ತದೆ ಎಲ್ಲವೂ ಬಾಯಿಪಾಠವಾಗಿತ್ತು. 2004ರಲ್ಲಿ ವಾದಿರಾಜರ ಅಂಗಡಿ ಸೇರಿದಾಗ, ಹೊಸ ಕಾರ್ಡ್‌ಲೆಸ್ ಮೈಕುಗಳು ಗರಗರ ಎನ್ನುತ್ತ ಎಲ್ಲರ ತಲೆ ತಿನ್ನುತ್ತಿದ್ದವು. ಹುಲುಗಪ್ಪ ಒಂದು ವಾರ ಸುಮ್ಮನೆ ಕೇಳಿ, ಇದು ಇಂಥ ಕ್ರಷರಿನವರು, ಇದು ತೂಕದ ಕಟ್ಟೆಯವರು ಎಂದು ಹೆಸರಿಟ್ಟು ಹೇಳತೊಡಗಿದರು. ಅಲ್ಲಿಂದ ಆ ಡಬ್ಬಿಗಳನ್ನು ಬೇರೆ ಯಾರೂ ಮುಟ್ಟುವುದಿಲ್ಲ.

ವರ್ಷಕ್ಕೆ ಸುಮಾರು ನೂರೈವತ್ತು ಕಾರ್ಯಕ್ರಮ. ಮದುವೆ ತಿಂಗಳಲ್ಲಿ ದಿನಕ್ಕೆ ಎರಡು. ಪ್ರತಿಯೊಂದಕ್ಕೂ ಮೊದಲು ಒಂದು ತಾಸು ಕೇಳುವ ಕೆಲಸ, ಪಾಳಿ ಬದಲಾದ ಮೇಲೆ ಇನ್ನೊಂದು ಸಲ. ಕೇಳಿದ್ದನ್ನೆಲ್ಲ ಅವರು ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಊರುಗಳ ಹೆಸರಿನಡಿ ಬರೆದಿಡುತ್ತಾರೆ. ತೋರಣಗಲ್ಲಿನ ಪುಟದಲ್ಲಿ, ಬೆಳಿಗ್ಗೆ ಆರು ಮತ್ತು ಮಧ್ಯಾಹ್ನ ಎರಡಕ್ಕೆ ಪಾಳಿ, ಆಗ ಭಾಷಣ ಇಡಬಾರದು ಎಂದಿದೆ. ಟಿ.ಬಿ. ಡ್ಯಾಂ ಪುಟದಲ್ಲಿ, ನೀರು ಬಿಡುವ ದಿನ ಏಳನೇ ಚಾನೆಲ್ ಬೇಡ ಎಂದಿದೆ. ಹಂಪಿಯ ಪುಟದಲ್ಲಿ ಬಂಡೆಗಳ ಮರೆಯಿಂದ ಹದಿನಾರೂ ಖಾಲಿ, ಆದರೆ ಮೈಕು ಮತ್ತು ಡಬ್ಬಿ ಒಂದೇ ಬಂಡೆಯ ಈಚೆಗಿರಲಿ ಎಂಬ ಎಚ್ಚರಿಕೆ. ತಮ್ಮ ಹುಟ್ಟೂರಾದ ಕಂಪ್ಲಿಯ ಪುಟದಲ್ಲಿ ಎರಡೇ ಮಾತು ಬರೆದಿದ್ದಾರೆ: ಗಾಳಿ ಖಾಲಿ, ಕರೆಂಟೂ ಖಾಲಿ.

ಎರಡು ವರ್ಷದ ಹಿಂದೆ ಹಂಪಿಯಲ್ಲಿ ದೊಡ್ಡದೊಂದು ನೃತ್ಯ ಕಾರ್ಯಕ್ರಮಕ್ಕೆ ಹೊರಗಿನ ಊರಿನಿಂದ ಧ್ವನಿಯ ತಂಡ ಬಂದಿತ್ತು. ಗಾಳಿಯಲ್ಲಿರುವ ತರಂಗಗಳನ್ನೆಲ್ಲ ಪರದೆಯ ಮೇಲೆ ಗೆರೆಗಳಾಗಿ ತೋರಿಸುವ ಯಂತ್ರ ಅವರಲ್ಲಿತ್ತು. ಹುಲುಗಪ್ಪ ಅದನ್ನು ಮುಟ್ಟದೆ, ಕೈಕಟ್ಟಿ, ಅರ್ಧ ತಾಸು ನೋಡುತ್ತ ನಿಂತರು. ಆಮೇಲೆ ತಮ್ಮ ನೋಟ್‌ಬುಕ್ಕು ತೆರೆದು ಹೋಲಿಸಿದರು. ಒಂದೇ ಒಂದು ಕಡೆ ವ್ಯತ್ಯಾಸ ಬಂತಂತೆ. ಆ ಒಂದು ಕಡೆ ಯಾರು ಸರಿ ಎಂದು ಕೇಳಿದರೆ, ಯಂತ್ರವೇ ಸರಿ ಎಂದು ಒಪ್ಪಿಕೊಳ್ಳುತ್ತಾರೆ. ಅದನ್ನು ಹೇಳುವಾಗಲೂ ಅವರಿಗೆ ಖುಷಿಯೇ.

ಇಲ್ಲಿನ ಇನ್ನೊಂದು ಶತ್ರು ಕೆಂಪು ದೂಳು. ಅದು ಮೈಕಿನ ಜಾಲರಿಯೊಳಗೆ ಹೊಕ್ಕರೆ ದನಿ ಮಂಕಾಗುತ್ತದೆ. ಹೆಂಡತಿ ಭರಮಮ್ಮ ಹಳೆಯ ಪಂಚೆಯ ಬಟ್ಟೆಯಲ್ಲಿ ಮೈಕುಗಳಿಗೆ ಚೀಲ ಹೊಲಿದು, ಒಂದೊಂದಕ್ಕೂ ಬೇರೆ ಬಣ್ಣದ ದಾರ ಕಟ್ಟಿ ಕೊಟ್ಟಿದ್ದಾರೆ. ತಿಂಗಳಿಗೆರಡು ಸಲ ಒಗೆಯುವವರೂ ಅವರೇ. ಗಂಡನ ಅಂಗಿಗಿಂತ ಮೈಕಿನ ಅಂಗಿಯೇ ಹೆಚ್ಚು ಬೆಳ್ಳಗಿರುತ್ತದೆ ಎಂದು ಓಣಿಯವರು ಆಡಿಕೊಳ್ಳುತ್ತಾರೆ. ನೋಡಿದರೆ ಅದು ನಿಜವೇ.

ಇಷ್ಟೆಲ್ಲ ಬಲ್ಲವರು ಡಿಸೆಂಬರಿನಲ್ಲಿ ಎಡವಿದ್ದು ಎಲ್ಲಿ ಎಂಬುದೇ ಸ್ವಾರಸ್ಯ. ಜಾಲಿಮಡುವಿನ ವಿಚಾರಣೆಗೆ ಮೂರು ಮೈಕು ಬೇಕಿತ್ತು. ಒಂದು ಅಧಿಕಾರಿಗೆ, ಒಂದು ಕಂಪನಿಯ ಪರವಾಗಿ ವಿವರಿಸುವವರಿಗೆ, ಒಂದು ಊರವರಿಗೆ. ಊರವರದಂತೂ ಕಾರ್ಡ್‌ಲೆಸ್ಸೇ ಆಗಬೇಕಿತ್ತು. ಹಿಂದೆ ಕೂತ ಹೆಂಗಸರು ಅಷ್ಟು ಜನ ಸಾಹೇಬರ ಎದುರು ನಡೆದು ಬಂದು ವೈರಿನ ಮೈಕಿನ ಮುಂದೆ ನಿಲ್ಲುವುದಿಲ್ಲ. ಮೈಕೇ ಅವರಿದ್ದಲ್ಲಿಗೆ ಹೋಗಬೇಕು. ಹುಲುಗಪ್ಪ ಅವತ್ತೂ ಬೆಳಿಗ್ಗೆಯೇ ಬಂದು ಕೇಳಿ, ಗಣಿಯವರ ಸದ್ದಿಲ್ಲದ ಮೂರು ಚಾನೆಲ್ ಆರಿಸಿದರು: ನಾಲ್ಕು, ಎಂಟು, ಹನ್ನೆರಡು. ಒಂದೊಂದಾಗಿ ಹಚ್ಚಿ ನೋಡಿದರು. ಮೂರೂ ಕನ್ನಡಿಯಂತೆ ಸ್ವಚ್ಛ.

ವಿಚಾರಣೆ ಶುರುವಾಗಿ ಮೂರೂ ಮೈಕು ಒಟ್ಟಿಗೆ ಹತ್ತಿದವು. ದುರ್ಗಕ್ಕ ಎದ್ದು ಮಾತು ತೆಗೆಯುತ್ತಿದ್ದಂತೆ ಸ್ಪೀಕರಿನಿಂದ ಸಿಳ್ಳಿನಂಥ ಸದ್ದು, ಅದರ ಬೆನ್ನಿಗೆ ಗರಗರ. ಅವರು ನಿಲ್ಲಿಸಿದರು, ಮತ್ತೆ ಶುರುಮಾಡಿದರು, ಮತ್ತೆ ಸಿಳ್ಳು. ಮೂರನೆಯ ಸಲಕ್ಕೆ ಯಾರೋ, ಕಂಪನಿಯವರು ವೈರ್‌ಲೆಸ್ ಹಚ್ಚಿ ಮೈಕು ಕೆಡಿಸುತ್ತಿದ್ದಾರೆ ಎಂದು ಕೂಗಿದರು. ಕುರ್ಚಿಗಳು ಹಾರಿದವು. ಅಧಿಕಾರಿ ವಿಚಾರಣೆ ಮುಂದೂಡಿ ಜೀಪು ಹತ್ತಿದರು. ಗಣಿಯ ಕಾಟವನ್ನು ವರ್ಷಗಟ್ಟಲೆ ಕಂಡಿದ್ದ ಹುಲುಗಪ್ಪನಿಗೂ ಮೊದಲ ದಿನ ಅದೇ ಸರಿ ಅನಿಸಿತು.

ಎರಡನೆಯ ದಿನ ಅನಿಸಲಿಲ್ಲ. "ಲಾರಿಯೋರ ವೈರ್‌ಲೆಸ್ ಬಂತಂದ್ರ ಅದರ ಹಿಂದ ಒಬ್ಬ ಮನಷ್ಯಾ ಇರ್ತಾನರಿ. ಗಾಡಿ ಬಿಡು ಅಂತಾನ, ಇಲ್ಲಾ ಚಹಾ ತಾ ಅಂತಾನ. ಅವತ್ತು ಬರೇ ಸಿಳ್ಳು. ಮನಷ್ಯಾನ ಇಲ್ದ ಸಿಳ್ಳು ಎಲ್ಲಿಂದ ಬಂತು ಅಂತ ತಲಿ ಕೆಟ್ಟುಹೋತು" ಎನ್ನುತ್ತಾರೆ. ಅಂಗಡಿಯ ಮೇಜಿನ ಮೇಲೆ ಮೂರೂ ಮೈಕು ಇಟ್ಟು, ಅದೇ ನಾಲ್ಕು, ಎಂಟು, ಹನ್ನೆರಡಕ್ಕೆ ಹಚ್ಚಿದರು. ಒಂದೊಂದಾಗಿ ಹಚ್ಚಿದರೆ ಸದ್ದಿಲ್ಲ. ಮೂರೂ ಒಟ್ಟಿಗೆ ಹಚ್ಚಿದಾಗ ಅದೇ ಸಿಳ್ಳು. ಹೊಸಪೇಟೆಯ ಅಂಗಡಿಯೊಳಗೆ ಯಾವ ಗಣಿಯೂ ಇರಲಿಲ್ಲ. ಎಂಟನ್ನು ಐದಕ್ಕೆ ಸರಿಸಿದರು. ಸಿಳ್ಳು ನಿಂತಿತು.

ತಪ್ಪು ಇದ್ದದ್ದು ಅಂತರದಲ್ಲಿ. ಎರಡು ಮೈಕುಗಳ ತರಂಗಗಳು ಒಂದಕ್ಕೊಂದು ತಾಗಿದಾಗ, ಅವೆರಡರ ನಡುವೆ ಎಷ್ಟು ಅಂತರವಿದೆಯೋ ಅಷ್ಟೇ ದೂರ ಆಚೆಗೆ ಯಾರಿಗೂ ಬೇಡದ ಮೂರನೆಯ ತರಂಗ ಹುಟ್ಟುತ್ತದೆ. ನಾಲ್ಕು ಮತ್ತು ಎಂಟು ಸೇರಿ ಹುಟ್ಟಿಸಿದ್ದು ಹನ್ನೆರಡನ್ನು. ದುರ್ಗಕ್ಕನ ಕೈಯಲ್ಲಿದ್ದದ್ದು ಹನ್ನೆರಡು. ಸಮನಾದ ಅಂತರ ನೋಡಲು ಚಂದ, ಮೈಕಿಗೆ ಕೆಟ್ಟದ್ದು. "ಕಂಪ್ಲ್ಯಾಗ ಸಸಿ ಹಚ್ಚಿದ ಕೈರಿ ಇದು. ಸಾಲು ಸೊಟ್ಟ ಆದ್ರ ನಮ್ಮವ್ವ ಬೆನ್ನಿಗೊಂದು ಬಿಡ್ತಿದ್ಲು. ಗಾಳ್ಯಾಗೂ ಹಂಗ ಅಳತಿ ಹಿಡಿದು ನೆಟ್ಟುಬಿಟ್ಟಿದ್ನಿ" ಎಂದು ಕೈಯನ್ನೇ ಅಪರಾಧಿಯಂತೆ ಮುಂದೆ ಚಾಚಿ ತೋರಿಸುತ್ತಾರೆ.

ಇಲ್ಲಿಗೆ ಸುಮ್ಮನಿದ್ದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಸುತ್ತಲ ಊರುಗಳಲ್ಲೆಲ್ಲ ತಪ್ಪು ಕಂಪನಿಯದೆಂದೇ ಸುದ್ದಿ. ಕಂಪನಿ ಅದಕ್ಕೆ ಕ್ಯಾರೇ ಅಂದಿರಲಿಲ್ಲ. ವಾದಿರಾಜರೂ ಮೊದಲು ಅದನ್ನೇ ಹೇಳಿದರು: ಹೇಳಿಕೊಂಡರೆ ಅಂಗಡಿಯ ಹೆಸರು ಹೋಗುತ್ತದೆ, ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ. ಆದರೆ ಆ ಭಾನುವಾರ ಹುಲುಗಪ್ಪ ಭರಮಮ್ಮ ಬಡಿಸಿದ ಊಟವನ್ನು ಅರ್ಧಕ್ಕೇ ಬಿಟ್ಟರು. ಎದ್ದು ಸಂಡೂರಿನ ಬಸ್ಸು ಹತ್ತಿದರು, ಅಲ್ಲಿಂದ ಟೆಂಪೊ ಹಿಡಿದು ಜಾಲಿಮಡುವಿಗೆ ಬಂದರು.

ದುರ್ಗಕ್ಕನಿಗೆ ಅರವತ್ತು ದಾಟಿದೆ. ಕೂಲಿಗೆ ಹೋಗಿ ಮೂರು ಮಕ್ಕಳನ್ನು ದಡ ಮುಟ್ಟಿಸಿದ ಗಟ್ಟಿ ಹೆಂಗಸು. ಅಷ್ಟರಲ್ಲಿ ಅವರು ಕಂಪನಿಯವರು ತಮ್ಮ ಬಾಯಿ ಕಟ್ಟಿದರು ಎಂದು ನಾಲ್ಕು ಊರುಗಳಲ್ಲಿ ಹೇಳಿ ಬಂದಿದ್ದರು. ಒರತೆಯಿಂದ ಕೊಡ ಹೊತ್ತು ಬರುತ್ತಿದ್ದವರನ್ನು ದಾರಿಯಲ್ಲೇ ನಿಲ್ಲಿಸಿ ಹುಲುಗಪ್ಪ ಎಲ್ಲ ಹೇಳಿದರು. ನಾಲ್ಕು, ಎಂಟು, ಹನ್ನೆರಡು ಎಂದು ನೆಲದ ಮೇಲೆ ಕಲ್ಲಿಟ್ಟು ತೋರಿಸಿದರು. ದುರ್ಗಕ್ಕ ಕೊಡ ಇಳಿಸದೆ ಕೇಳಿದರು.

"ಕಂಪನಿಯೋರು ಕೆಡಿಸಿದ್ರ ನಾ ಏನ್ ಮಾಡಾಕ ಬರ್ತಿತ್ತು ತಮ್ಮಾ" ಎಂದರು ದುರ್ಗಕ್ಕ. "ನೀ ಕೆಡಿಸಿದ್ದು ಅಂದ್ರ ಚಲೋ ಆತು ಬಿಡು. ನೀನಾದ್ರ ಸರಿ ಮಾಡ್ತಿ."

ಅಲ್ಲಿಗೇ ಬಿಡಲಿಲ್ಲ. ಕೈಹಿಡಿದು ಊರ ಕಟ್ಟೆಗೆ ಕರೆದೊಯ್ದು, ನನಗೆ ಹೇಳಿದ್ದನ್ನು ಇವರೆಲ್ಲರಿಗೂ ಹೇಳು ಎಂದು ನಿಲ್ಲಿಸಿದರು. ಕಟ್ಟೆಯವರು ಬಾಯಿಗೆ ಬಂದಂತೆ ಬೈದರು. ಒಬ್ಬರಂತೂ ಕಂಪನಿಯವರೇ ನಿನ್ನನ್ನು ಕಳಿಸಿದ್ದಾರೆ ಎಂದರು. ಬೈದು ಮುಗಿದ ಮೇಲೆ ಚಹಾ ಕುಡಿಸಿದರು. ಮರುದಿನ ಹುಲುಗಪ್ಪ ವಾದಿರಾಜರ ಎದುರು ನಿಂತು, ಜಾಲಿಮಡುವಿಗೆ ಹೋಗಿ ಹೇಳಿಬಂದೆ ಎಂದಾಗ ಅವರು ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ತಾವೇ ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿ, ಮುಂದಿನ ವಿಚಾರಣೆಗೂ ಮೈಕು ನಮ್ಮ ಅಂಗಡಿಯದೇ ಇರಲಿ, ನಮ್ಮ ಹುಲುಗಪ್ಪನೇ ಬರುತ್ತಾನೆ ಎಂದರು. ವಾದಿರಾಜರ ಸ್ವಭಾವವೇ ಹಾಗೆ.

ಈ ಮಾರ್ಚ್ ಬೆಳಗಿಗೆ ಮರಳೋಣ. ಆರು ಗಂಟೆಗೆ ಹದಿನಾರರಲ್ಲಿ ಹನ್ನೊಂದು ಚಾನೆಲ್ ಖಾಲಿ ಇದ್ದವು. ಎಂಟರ ಪಾಳಿಗೆ ಗುಡ್ಡದ ಮೇಲೆ ಯಂತ್ರಗಳು ಎಚ್ಚೆತ್ತ ಮೇಲೆ ಉಳಿದದ್ದು ಆರು. ಅದರಲ್ಲಿ ಎರಡು, ಐದು, ಹನ್ನೊಂದನ್ನು ಆರಿಸಿ, ಹದಿನಾಲ್ಕನ್ನು ನಾಲ್ಕನೆಯ ಡಬ್ಬಿಗೆ ಕಟ್ಟಿ ಆಪತ್ತಿಗೆಂದು ಬದಿಗಿಟ್ಟಿದ್ದಾರೆ. ಅಂತರಗಳು ಬೇಕೆಂದೇ ಸೊಟ್ಟ. ಮೂರೂ ಮೈಕನ್ನು ಒಟ್ಟಿಗೆ ಹಚ್ಚಿ ವೇದಿಕೆಯಿಂದ ಶಾಮಿಯಾನದ ಕೊನೆಯ ಸಾಲಿನವರೆಗೆ, ಅಲ್ಲಿಂದ ಹೆಂಗಸರು ಕೂರುವ ಜಮಖಾನೆಯವರೆಗೆ ಏಳು ಸಲ ನಡೆಯುತ್ತಾರೆ. ಸಿಳ್ಳಿಲ್ಲ, ಗರಗರವಿಲ್ಲ. ಆಮೇಲಷ್ಟೇ ಚಹಾ ಕುಡಿಯುತ್ತಾರೆ. ಅದು ಯಾವಾಗಲೋ ಆರಿಹೋಗಿದೆ.

ಹನ್ನೊಂದಕ್ಕೆ ಜನ ತುಂಬುತ್ತಾರೆ. ಅಧಿಕಾರಿ ಬರುತ್ತಾರೆ, ಕಂಪನಿಯವರು ಬರುತ್ತಾರೆ, ಅವರ ಹಿಂದೆ ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿದ ಇಬ್ಬರು ಕಾವಲುಗಾರರು ಬಂದು ನೆರಳು ಚೆನ್ನಾಗಿದೆ ಎಂದು ಸೀದಾ ಡಬ್ಬಿಗಳ ಪಕ್ಕಕ್ಕೇ ನಿಲ್ಲುತ್ತಾರೆ. ಹುಲುಗಪ್ಪನವರ ಮುಖ ಸಣ್ಣಗಾಗುತ್ತದೆ. ಸೆಟ್ ಆರಿಸುವಿರಾ ಎಂದು ಮೆಲ್ಲಗೆ ಕೇಳಿದರೆ, ಸಾಹೇಬರ ಅಪ್ಪಣೆ ಬೇಕು ಎನ್ನುತ್ತಾರೆ ಅವರು. ಹುಲುಗಪ್ಪ ಜಗಳಕ್ಕೆ ನಿಲ್ಲುವುದಿಲ್ಲ. ಎರಡು ಕುರ್ಚಿ ಎತ್ತಿ ಮೈದಾನದ ಆ ತುದಿಯ ಬೇವಿನ ಮರದ ಕೆಳಗೆ ಹಾಕಿ, ಇಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂದು ಕರೆಯುತ್ತಾರೆ. ಒಬ್ಬ ಹೋಗುತ್ತಾನೆ, ಇನ್ನೊಬ್ಬ ಅಲುಗುವುದಿಲ್ಲ. "ಅವಂದೂ ಹೊಟ್ಟಿಪಾಡರಿ. ನಾನೂ ಆ ಸೆಟ್ ಹಿಡಕೊಂಡು ಎರಡ್ ವರ್ಷ ನಿಂತೀನಲ್ಲ" ಎಂದು ಬಂದು ಮತ್ತೆ ಬೆಂಚಿನ ಮುಂದೆ ಕೂರುತ್ತಾರೆ.

ಹನ್ನೆರಡೂಕಾಲಿಗೆ ಹದಿನಾರು ಜನರ ಮಾತು ಮುಗಿದಿದೆ. ಮುಂದಿನ ಹೆಸರು ದುರ್ಗಕ್ಕನದು. ಅಷ್ಟರಲ್ಲಿ ಆ ಕಾವಲುಗಾರ ಸೆಟ್ ತೆಗೆದು ಯಾರಿಗೋ ಏನೋ ಹೇಳುತ್ತಾನೆ, ಊರವರ ಮೈಕಿನ ಡಬ್ಬಿಯ ಹಸಿರು ದೀಪ ಒಮ್ಮೆ ತಡಬಡಾಯಿಸುತ್ತದೆ. ಒಂದೇ ಒಂದು ಸಲ. ಬೇರೆ ಯಾರೂ ಅದನ್ನು ನೋಡಿಲ್ಲ. ಹೋಗಲಿ, ಇನ್ನೊಮ್ಮೆ ಆದರೆ ನೋಡೋಣ ಎಂದು ಬಿಡಬಹುದಿತ್ತು. ಹುಲುಗಪ್ಪ ಆಗಷ್ಟೇ ಬೆಂಚಿಗೆ ಮರಳಿದ್ದ ಊರವರ ಹನ್ನೊಂದರ ಮೈಕನ್ನು ಬಂದ್ ಮಾಡಿ, ನೀಲಿ ದಾರದ ಚೀಲದಿಂದ ಹದಿನಾಲ್ಕರ ಮೈಕು ತೆಗೆದು, ಡಬ್ಬಿಯ ದೀಪವನ್ನು ಒಂದು ಉಸಿರಿನ ಹೊತ್ತು ನೋಡಿ, ತಾವೇ ಅದನ್ನು ಹಿಡಿದು ಜಮಖಾನೆಯತ್ತ ನಡೆಯುತ್ತಾರೆ. ಅಂಗಿ ಬೆನ್ನಿಗೆ ಅಂಟಿಕೊಂಡಿದೆ.

ದುರ್ಗಕ್ಕ ಎದ್ದು ನಿಂತು ಮೈಕು ತೆಗೆದುಕೊಳ್ಳುತ್ತಾರೆ. ಮೈಕು ಆಗಲೇ ಹತ್ತಿದೆ ಎಂಬುದು ಅವರಿಗೆ ತಿಳಿಯದು. ಹುಲುಗಪ್ಪನ ಕಡೆ ಬಾಗಿ, ಗುಟ್ಟಿನಲ್ಲಿ, "ಇದಾದ್ರೂ ಚಲೋ ಐತೇನು ತಮ್ಮಾ" ಎಂದು ಕೇಳುತ್ತಾರೆ. ಆ ಗುಟ್ಟು ನಾಲ್ಕೂ ಸ್ಪೀಕರುಗಳಿಂದ ಹೊರಟು ಶಾಲೆಯ ಗೋಡೆ ದಾಟಿ ಗುಡ್ಡಕ್ಕೆ ಮುಟ್ಟುತ್ತದೆ. ಶಾಮಿಯಾನ ಪೂರ್ತಿ ನಗುತ್ತದೆ, ಅಧಿಕಾರಿಯೂ ನಗುತ್ತಾರೆ. ದುರ್ಗಕ್ಕ ಮಾತ್ರ ನಗುವುದಿಲ್ಲ. ಸೆರಗು ಸರಿಮಾಡಿಕೊಂಡು ಶುರುಮಾಡುತ್ತಾರೆ.

"ಸಾಹೇಬ್ರ, ಗಣಿ ಬ್ಯಾಡ ಅನ್ನಾಕ ನಾ ಬಂದಿಲ್ಲ. ನನ್ನ ಮಗನೂ ಅಲ್ಲೇ ದುಡೀತಾನ. ಗುಡ್ಡದ ಬುಡಕ ಒಂದು ಒರತಿ ಐತಿ. ಬೋರು ಬತ್ತ್ಯಾವು, ಎಪ್ಪತ್ ಮನಿ ಆ ಒರತಿ ನೀರಽ ಕುಡಿಯೋದು. ನಿಮ್ಮ ನಕ್ಷ್ಯಾಗ ಲಾರಿ ರಸ್ತೆ ಅದರ ನೆತ್ತಿ ಮ್ಯಾಲ ಹೋಗತೈತಿ. ಅದನ್ನ ಗುಡ್ಡದ ಆ ಕಡಿ ಹಾಕ್ರಿ. ನೀರು ಕೆಂಪಾದ್ರ ನಾವು ಎಲ್ಲಿಗಿ ಹೋಗೂಣು? ಇಷ್ಟಽ ನಾ ಹೇಳೋದು."

ಪೂರ್ತಿ ಒಂದು ನಿಮಿಷವೂ ಇಲ್ಲ. ಒಂದಕ್ಷರ ಕೆಡಲಿಲ್ಲ, ಒಂದು ಸಿಳ್ಳಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾದ ಮಾತು ಅಷ್ಟೇ ಇತ್ತು. ಅಧಿಕಾರಿ ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಕಂಪನಿಯ ಪರ ಮಾತಾಡುವವರು ನಕ್ಷೆ ಬಿಚ್ಚಿ ಒರತೆ ಎಲ್ಲಿದೆ ಎಂದು ಕೇಳುತ್ತಾರೆ. ಅವರ ನಕ್ಷೆಯಲ್ಲಿ ಒರತೆಯೇ ಇಲ್ಲ. ದುರ್ಗಕ್ಕ ಮೈಕಿನಲ್ಲೇ ದಾರಿ ಹೇಳುತ್ತಾರೆ: ಶಾಲೆಯ ಹಿಂದೆ, ಆಲದ ಮರ ದಾಟಿ, ಎಡಕ್ಕೆ. ಕಂಪನಿಯವರು ನಕ್ಷೆಯ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಾರೆ.

ನಿಯಮದ ಪ್ರಕಾರ ಕೊನೆಗೆ, ಬರೆದುಕೊಂಡದ್ದನ್ನೆಲ್ಲ ಜನರೆದುರು ಕನ್ನಡದಲ್ಲಿ ಓದಿ ಹೇಳಬೇಕು. ಮೂರು ಗಂಟೆಗೆ ಅಧಿಕಾರಿ ಓದುತ್ತಾರೆ. ಹದಿನೇಳನೆಯದಾಗಿ ದುರ್ಗಕ್ಕನ ಹೆಸರು ಬರುತ್ತದೆ, ಒರತೆ ಬರುತ್ತದೆ, ಎಪ್ಪತ್ತು ಮನೆ ಬರುತ್ತದೆ, ರಸ್ತೆಯನ್ನು ಗುಡ್ಡದ ಆಚೆ ಬದಿಗೆ ಬದಲಿಸಬೇಕೆಂಬ ಕೋರಿಕೆ ಬರುತ್ತದೆ. ಸರಿ ಇದೆಯೇ ಎಂದು ಕೇಳಿದಾಗ ದುರ್ಗಕ್ಕ ಕೂತಲ್ಲಿಂದಲೇ ತಲೆಯಾಡಿಸುತ್ತಾರೆ. ಡಬ್ಬಿಗಳ ಹತ್ತಿರ ಕೂತ ಹುಲುಗಪ್ಪ ಇಡೀ ದಿನದಲ್ಲಿ ಮೊದಲ ಸಲ ಬೆನ್ನು ಹಿಂದಕ್ಕೆ ಚಾಚಿ ವೇದಿಕೆಯ ಅಂಚಿಗೊರಗುತ್ತಾರೆ. ಅವರ ಮುಖದಲ್ಲಿರುವುದು ಬರೀ ಸಮಾಧಾನ, ಹೊಟ್ಟೆ ತುಂಬ ಉಂಡವರಿಗಿರುವಂಥದ್ದು.

ಜನ ಚದುರುತ್ತಾರೆ. ಮೈಕು ಚೆನ್ನಾಗಿತ್ತು ಎಂದು ಯಾರೂ ಹೇಳುವುದಿಲ್ಲ. ಚೆನ್ನಾಗಿದ್ದ ಮೈಕು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಹುಲುಗಪ್ಪ ಏರಿಯಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಬಟ್ಟೆಯಲ್ಲಿ ಸುತ್ತುತ್ತಿರುವಾಗ ದುರ್ಗಕ್ಕ ಬೆಂಚಿನ ಹತ್ತಿರ ಬಂದು ನಿಲ್ಲುತ್ತಾರೆ. ಈಗ ರಸ್ತೆ ಬದಲಾಗುತ್ತದೆಯೇ ಎಂದು ಕೇಳುತ್ತಾರೆ, ಅದೂ ಹುಲುಗಪ್ಪನ ಕೈಯಲ್ಲೇ ಇದೆ ಎಂಬಂತೆ. ಹುಲುಗಪ್ಪ ಸುತ್ತುವುದನ್ನು ನಿಲ್ಲಿಸಿ ಎದ್ದು ನಿಲ್ಲುತ್ತಾರೆ.

"ಅದು ನನಗ ಗೊತ್ತಿಲ್ಲಬೇ. ಆದ್ರ ನೀ ಹೇಳಿದ್ದು ಕೇಳಿಸ್ಲಿಲ್ಲ ಅಂತ ಇನ್ನ ಯಾರೂ ಅನ್ನಾಕ ಬರಂಗಿಲ್ಲ. ಅಷ್ಟು ಮಾತ್ರ ನಾ ಮಾಡೀನಿ."